ಸೂಜಿ ಚುಚ್ಚಿದ ಕೈಗೆ ಕರಪತ್ರ ಕೊಟ್ಟಿದ್ದೆ

ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ನರ್ಸ್. 14 ವರ್ಷ ಆಯಿತು. ಈ ಕೆಲಸ ಗೊತ್ತಿಲ್ಲದವರಿಗೆ ಮೊದಲೇ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಕಿಡ್ನಿ ಕೈಕೊಟ್ಟವರು ಸಾಮಾನ್ಯವಾಗಿ ವಾರಕ್ಕೆ 3 ಸಲ ಬರುತ್ತಾರೆ, ಸಲಕ್ಕೆ ಸುಮಾರು 4 ಗಂಟೆ. ತೋಳಿಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಮೆಷಿನ್‌ಗೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ವಾಪಸ್ ಬರುತ್ತದೆ. ಆ ಕೈ ಅಲ್ಲಾಡಿಸುವ ಹಾಗಿಲ್ಲ, ಎದ್ದು ಹೋಗುವ ಹಾಗಂತೂ ಇಲ್ಲವೇ ಇಲ್ಲ. ಬೇರೆ ವಾರ್ಡಿನಲ್ಲಿ ರೋಗಿಗಳು ಬಂದು ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ, ಅದೇ ಮುಖಗಳು, ವರ್ಷಗಟ್ಟಲೆ. ಅವರ ಮಕ್ಕಳ ಪರೀಕ್ಷೆ, ಮನೆ ಜಗಳ, ಮಿತಿ ಮೀರಿ ನೀರು ಕುಡಿದು ಸುಳ್ಳು ಹೇಳಿದ್ದು, ಎಲ್ಲ ನಮಗೆ ಗೊತ್ತು. (ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ತೂಕ ನೋಡಿದರೆ ಸುಳ್ಳು ನಿಲ್ಲುವುದಿಲ್ಲ ಬಿಡಿ.)

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಇದು ದೇವರೇ ಕೊಟ್ಟ ಅವಕಾಶ ಅನ್ನಿಸಿತ್ತು. ನಮ್ಮ ಚರ್ಚಿನಲ್ಲಿ ಪಾಸ್ಟರ್ ಬೈಬಲಿನ ಮತ್ತಾಯ 28ನೇ ಅಧ್ಯಾಯ ಓದಿ, ಹೋಗಿ ಎಲ್ಲರನ್ನೂ ಶಿಷ್ಯರನ್ನಾಗಿ ಮಾಡಿ ಎಂಬ ಯೇಸುವಿನ ಮಾತಿನ ಬಗ್ಗೆ ಪ್ರಸಂಗ ಮಾಡಿದ್ದರು. ನನಗೋ ಹೋಗುವ ಕಷ್ಟವೇ ಇಲ್ಲ, ಜನ ನನ್ನ ಹತ್ತಿರವೇ ಬಂದು 4 ಗಂಟೆ ಮಲಗುತ್ತಾರೆ! ಒಬ್ಬ ಹೆಂಗಸಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ಪಾಪ, ರಕ್ಷಣೆ, ಶಿಲುಬೆ, ನರಕ, ನನಗೆ ಬಾಯಿಪಾಠ ಬಂದದ್ದೆಲ್ಲ ಹೇಳಿದೆ. ಕರಪತ್ರವನ್ನೂ ಕೈಗೆ ಕೊಟ್ಟೆ, ಸೂಜಿ ಇಲ್ಲದ ಕೈಗೆ ಅಂತಿಟ್ಟುಕೊಳ್ಳಿ. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಮನೆಗೆ ಹೋಗಿ ಎಷ್ಟು ಖುಷಿಯಿಂದ ಪ್ರಾರ್ಥನೆ ಮಾಡಿದೆ ಗೊತ್ತಾ.

ಮುಂದಿನ ವಾರ ಅವರು ಶಿಫ್ಟ್ ಬದಲಾಯಿಸಿಕೊಂಡರು. ಕಾರಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದ್ದರು. ಸಿಸ್ಟರ್ ನನ್ನನ್ನು ಕರೆಸಿದರು. ಅವರೂ ಕ್ರೈಸ್ತರೇ, ನನಗಿಂತ ಜಾಸ್ತಿ ಬೈಬಲ್ ಓದಿಕೊಂಡವರು, ಹಾಗಾಗಿ ಇದು ನಂಬಿಕೆಗಾಗಿ ಪಡುವ ಹಿಂಸೆ, ಪಾಡು, ಶಿಲುಬೆ ಹೊರುವುದು ಅಂತೆಲ್ಲ ನಾಟಕ ಆಡಲು ನನಗೆ ದಾರಿ ಇರಲಿಲ್ಲ. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಎದ್ದು ಹೋಗೋಕೆ ಆಗದವರ ಹತ್ತಿರ ಮಾತಾಡೋದು ಸುಲಭ ಅಲ್ವಾ? ಅವರ ಮೆಷಿನ್ ನಡೆಸೋದು ನೀನು. ನಿನಗೆ ಬೇಜಾರು ಮಾಡಿದರೆ ಸೂಜಿ ಹೇಗೆ ಚುಚ್ಚುತ್ತಾಳೋ ಅಂತ ಅವರಿಗೆ ಭಯ ಇರೋದಿಲ್ವಾ?"

ನನಗೆ ಅದು ಹೊಳೆದೇ ಇರಲಿಲ್ಲ, ನಿಜವಾಗಿ. ಆ ತಲೆಯಾಡಿಸುವಿಕೆ ನಂಬಿಕೆ ಅಲ್ಲ, ಹೆದರಿಕೆ.

ಬ್ರಿಟನ್‌ನ ನರ್ಸಿಂಗ್ ನೀತಿ ಸಂಹಿತೆಯಲ್ಲಿ (2015ರದು) ನೇರವಾಗಿಯೇ ಬರೆದಿದ್ದಾರೆ: ನಿಮ್ಮ ರಾಜಕೀಯ, ಧಾರ್ಮಿಕ, ನೈತಿಕ ನಂಬಿಕೆಗಳನ್ನು ಸರಿಯಲ್ಲದ ರೀತಿಯಲ್ಲಿ ಜನರ ಮುಂದೆ ಹೇಳಬೇಡಿ ಅಂತ. ಗಮನಿಸಿ, ಹೇಳಲೇಬೇಡಿ ಅಂತ ಅಲ್ಲ, ಸರಿಯಲ್ಲದ ರೀತಿಯಲ್ಲಿ ಬೇಡ ಅಂತ. ಕೆಲವು ವಿಶ್ವಾಸಿಗಳು ಇಂಥ ನಿಯಮ ಕಂಡರೆ ಸುವಾರ್ತೆಗೆ, ಅಂದರೆ ಯೇಸುವಿನ ಶುಭಸಂದೇಶಕ್ಕೆ, ಅಡ್ಡಿ ಅಂತ ಸಿಟ್ಟಾಗುತ್ತಾರೆ. ನನಗಂತೂ ಇದು ಯೇಸುವಿನ ಶಿಷ್ಯ ಪೇತ್ರ ಬರೆದದ್ದಕ್ಕಿಂತ ಬೇರೆ ಅನ್ನಿಸಲಿಲ್ಲ.

ಯಾಕಂದರೆ ಆ ಘಟನೆಯ ನಂತರ ನಾನು ಬೈಬಲನ್ನು ಬೇರೆ ಕಣ್ಣಿನಿಂದ ಓದಿದೆ. 1 ಪೇತ್ರ 3:15 ನಮಗೆಲ್ಲ ಗೊತ್ತಿರುವ ವಚನ, ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಹೇಳಲು ಯಾವಾಗಲೂ ಸಿದ್ಧರಾಗಿರಿ ಅಂತ. ನಾನು 'ಹೇಳಲು ಸಿದ್ಧ' ಅನ್ನುವುದನ್ನು ಮಾತ್ರ ಹಿಡಿದುಕೊಂಡಿದ್ದೆ. ಅಲ್ಲಿ ಇನ್ನೂ ಎರಡು ಮಾತಿದೆ. ಒಂದು, ಕೇಳಿದವರಿಗೆ. ಇನ್ನೊಂದು, ಮೃದುವಾಗಿ, ಗೌರವದಿಂದ. ಆ ಪತ್ರ ಹೋದದ್ದು ದೊಡ್ಡವರಿಗಲ್ಲ. ಪೊಂತ, ಗಲಾತ್ಯ, ಕಪ್ಪದೋಕ್ಯ ಅಂತ ಪ್ರಾಂತ್ಯಗಳಲ್ಲಿ ಚದುರಿಹೋಗಿದ್ದ ಜನಕ್ಕೆ. ಅವರಲ್ಲಿ ಕೆಟ್ಟ ಯಜಮಾನರ ಕೈಕೆಳಗೆ ದುಡಿಯುವ ಆಳುಗಳೂ ಇದ್ದರು, ಅವರಿಗಾಗಿ 2ನೇ ಅಧ್ಯಾಯದಲ್ಲಿ ಬೇರೆಯಾಗಿಯೇ ಬರೆದಿದ್ದಾನೆ. ಮೈಕ್ ಹಿಡಿದು ಮಾತಾಡುವವರಿಗೆ ಬರೆದ ವಚನ ಅಲ್ಲ ಅದು. ಕೆಲಸದವರಿಗೆ ಬರೆದದ್ದು.

ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ನೋಡಿ, ಅಪೊಸ್ತಲರ ಕೃತ್ಯಗಳು 8. ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ. ಫಿಲಿಪ್ಪ ಓಡಿ ಬಂದು ಮಾಡಿದ್ದು ಒಂದು ಪ್ರಶ್ನೆ: ಓದುತ್ತಿರುವುದು ನಿಮಗೆ ಅರ್ಥ ಆಗ್ತಾ ಇದೆಯಾ? ಹತ್ತಿ ಕೂತುಕೋ ಅಂತ ಕರೆದದ್ದು ಆ ಅಧಿಕಾರಿ. ರಥ ಅವನದು, ಪುಸ್ತಕ ಅವನದು, ನಿಲ್ಲಿಸು ಅನ್ನುವ ಅಧಿಕಾರವೂ ಅವನದೇ. ಯೋಹಾನ 4ರಲ್ಲಿ ಯೇಸು ಸಮಾರ್ಯದ ಹೆಂಗಸಿನ ಹತ್ತಿರ ಮಾತು ಶುರು ಮಾಡಿದ್ದು ನೀರು ಕೇಳಿ. ಕೊಡುವವಳು ಅವಳು, ಕೇಳುವವನು ಆತ. ನಾನು ಇದನ್ನು ಪೂರ್ತಿ ಉಲ್ಟಾ ಮಾಡಿದ್ದೆ. ರಥ ನನ್ನದು, ನೀರೂ ನನ್ನದು, ಆಕೆಯ ಕೈಕಾಲು ಮಾತ್ರ ಕಟ್ಟಿಹಾಕಿತ್ತು.

ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಸುಮಾರು 3 ವರ್ಷ ಬಾಯೇ ಬಿಡಲಿಲ್ಲ. ಒಳ್ಳೆಯವಳಾಗಿದ್ದರೆ ಸಾಕು, ಬದುಕೇ ಸಾಕ್ಷಿ ಅಂತ ಸಮಾಧಾನ ಮಾಡಿಕೊಂಡೆ. 'ಯಾವಾಗಲೂ ಸುವಾರ್ತೆ ಸಾರಿ, ಬೇಕಾದರೆ ಮಾತು ಬಳಸಿ' ಅಂತ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೇಳಿದ್ದು ಅಂತ ಒಂದು ಮಾತು ಓಡಾಡುತ್ತದಲ್ಲ, ಅದನ್ನು ಫೋನಿನ ಸ್ಕ್ರೀನ್ ಮೇಲೂ ಹಾಕಿಕೊಂಡಿದ್ದೆ. ಆತನ ಬರಹದಲ್ಲಿ ಆ ಮಾತು ಎಲ್ಲೂ ಇಲ್ಲವಂತೆ, ಆಮೇಲೆ ತಿಳಿಯಿತು. ಆತ ಬಾಯಿ ತುಂಬಾ ಸಾರಿದವನು.

ಮೌನದಲ್ಲಿ ಒಂದು ಮೋಸ ಇದೆ. ನಾನು ಸುಮ್ನೆ ಒಳ್ಳೆಯವಳಾಗಿದ್ದರೆ ಜನ ಏನು ಅಂತಾರೆ? ಸಿಸ್ಟರ್ ಎಷ್ಟು ಒಳ್ಳೆಯವರು ಅಂತಾರೆ. ಹೆಸರು ನನಗೆ ಬರುತ್ತದೆ. ನನ್ನನ್ನು ಹೀಗೆ ತಿದ್ದಿದವನ ಸುದ್ದಿಯೇ ಇಲ್ಲ. ಸುವಾರ್ತೆ ಅಂದರೆ ಹೆಸರಲ್ಲೇ ಇದೆ, ವಾರ್ತೆ. ವಾರ್ತೆಯನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ಸಾರುವವರಿಲ್ಲದೆ ಕೇಳುವುದು ಹೇಗೆ ಅಂತ, ಊರೂರು ತಿರುಗಿ ಸುವಾರ್ತೆ ಸಾರಿದ ಪೌಲ ರೋಮಾಪುರದವರಿಗೆ ಬರೆದದ್ದೂ ಅದಕ್ಕೇ. ಯೇಸು ಸತ್ತು ಎದ್ದದ್ದು ನಿಜ ಅಂತ ನಾನು ನಂಬುತ್ತೇನೆ, ಸಾವಿನ ಅಂಚಿನಲ್ಲಿ ವಾರಕ್ಕೆ 3 ಸಲ ಬಂದು ಮಲಗುವವರನ್ನು ಪ್ರೀತಿಸುತ್ತೇನೆ ಅಂತಲೂ ಹೇಳುತ್ತೇನೆ, ಆದರೂ ಆ ವಿಷಯ ಮಾತ್ರ ಎತ್ತುವುದಿಲ್ಲ ಅಂದರೆ ಎರಡರಲ್ಲಿ ಒಂದು ಸುಳ್ಳು, ಅಲ್ವಾ.

ಹಾಗಾದರೆ ಏನು ಮಾಡಬೇಕು? ನನಗೆ ದಾರಿ ತೋರಿಸಿದ್ದು ಒಂದು ತಪ್ಪು, ನನ್ನದೇ.

ರೋಗಿಯ ಮೈಯಿಂದ ಎಷ್ಟು ನೀರು ತೆಗೆಯಬೇಕು ಅಂತ ಮೆಷಿನ್‌ಗೆ ಲೆಕ್ಕ ಹಾಕಿ ಕೊಡುತ್ತೇವೆ. ಒಂದು ದಿನ ಅವಸರದಲ್ಲಿ ಒಬ್ಬರ ತೂಕ ತಪ್ಪಾಗಿ ಬರೆದುಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಹಾಕಿಬಿಟ್ಟೆ. ಮೂರನೇ ಗಂಟೆಗೆ ಅವರ ಬಿಪಿ ಇಳಿಯಿತು, ಮೀನಖಂಡ ಕಲ್ಲಿನ ಹಾಗೆ ಸೆಳೆತ ಬಂತು, ನೋವಿಗೆ ಕೂಗಿಕೊಂಡರು. ಕಾಲು ಎತ್ತರಕ್ಕೆ ಇಟ್ಟು, ನೀರು ತೆಗೆಯುವುದು ನಿಲ್ಲಿಸಿ, ಸಲೈನ್ ಕೊಟ್ಟೆವು. ಸರಿಹೋದರು. ಸೆಳೆತ ನಮ್ಮಲ್ಲಿ ಸಾಮಾನ್ಯ. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ನಾನು ಡಾಕ್ಟರಿಗೆ ಹೇಳಿದೆ, ಫೈಲಿನಲ್ಲಿ ಬರೆದೆ, ಆಮೇಲೆ ರೋಗಿಯ ಹತ್ತಿರ ಹೋಗಿ "ತಪ್ಪು ನಂದು, ತೂಕ ತಪ್ಪಾಗಿ ಹಾಕಿದ್ದೆ, ಕ್ಷಮಿಸಿ" ಅಂದೆ. ಕೈ ನಡುಗುತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ದೇವರು ದಿಂಡರು ಅಂದರೆ ಮೂಗು ಮುರಿಯುವವರು. ಅವತ್ತು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಬಂದಾಗ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ, ರಕ್ತ ನಿಲ್ಲಲು ಹತ್ತು ನಿಮಿಷ ಬೇಕಾಗುತ್ತದೆ, ಆಗ ಕೇಳಿದರು.

"ಯಾಕಮ್ಮಾ ಒಪ್ಪಿಕೊಂಡೆ? ಯಾರಿಗೂ ಗೊತ್ತಾಗ್ತಿರಲಿಲ್ಲ."

ನಾನು ಆ ಪ್ರಶ್ನೆಗೆ ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ, ಬಂದಾಗ ಮಾತ್ರ ಬಾಯಿಪಾಠದ್ದು ಒಂದೂ ನೆನಪಿಗೆ ಬರಲಿಲ್ಲ. ಬಂದದ್ದನ್ನೇ ಹೇಳಿದೆ. "ಮೇಷ್ಟ್ರೇ, ನಾನು ಇದಕ್ಕಿಂತ ದೊಡ್ಡ ತಪ್ಪುಗಳಿಗೆ ಕ್ಷಮೆ ಸಿಕ್ಕವಳು. ಯೇಸು ನನ್ನ ಸಾಲ ತೀರಿಸಿದ್ದಾನೆ ಅಂತ ನಂಬಿದ್ದೀನಿ. ಮುಚ್ಚಿಡೋ ಅವಶ್ಯಕತೆ ಇಲ್ಲ. ಕೆಲಸ ಹೋಗುತ್ತೆ ಅಂತ ಭಯ ಇತ್ತು, ಅದು ಬೇರೆ."

ಅಷ್ಟೇ. ಅರ್ಧ ನಿಮಿಷ ಕೂಡ ಆಗಲಿಲ್ಲ. ಮೇಷ್ಟ್ರು "ಹ್ಞೂಂ" ಅಂದು ತೂಕ ನೋಡಿಕೊಂಡು ಹೋದರು. ಮೊದಲ ವರ್ಷದ ನನ್ನ ಅಷ್ಟು ಉದ್ದದ ಪ್ರಸಂಗದಲ್ಲಿ ಇದ್ದದ್ದಕ್ಕಿಂತ ಇದರಲ್ಲಿ ಸುವಾರ್ತೆ ಜಾಸ್ತಿ ಇತ್ತು ಅಂತ ನನ್ನ ಲೆಕ್ಕ. ಅಲ್ಲಿ ಆಕೆಯ ಪಾಪದ ಬಗ್ಗೆ ಮಾತಾಡಿದ್ದೆ, ಇಲ್ಲಿ ನನ್ನದರ ಬಗ್ಗೆ.

2 ಅರಸುಗಳು 5ರಲ್ಲಿ ಬರುವ ಆ ಚಿಕ್ಕ ಹುಡುಗಿ ನನಗೆ ಈಚೆಗೆ ತುಂಬಾ ಇಷ್ಟ. ಇಸ್ರಾಯೇಲಿನಿಂದ ಹಿಡಿದು ತಂದ ಸೆರೆಯಾಳು, ಅರಾಮ್ಯರ ಸೇನಾಪತಿ ನಾಮಾನನ ಹೆಂಡತಿಯ ಸೇವೆ ಮಾಡುವವಳು. ಅವಳ ಹೆಸರೇ ಬರೆದಿಲ್ಲ. ಯಜಮಾನರಿಗೆ ಕುಷ್ಠ. ಅವಳು ಹೇಳಿದ್ದು ಒಂದೇ ವಾಕ್ಯ, ನಮ್ಮ ಒಡೆಯರು ಸಮಾರ್ಯದಲ್ಲಿರುವ ಪ್ರವಾದಿಯ ಹತ್ತಿರ ಹೋಗಿದ್ದರೆ ಚೆನ್ನಾಗಿತ್ತು, ವಾಸಿ ಮಾಡುತ್ತಿದ್ದ ಅಂತ. ಮಿಕ್ಕದ್ದು ಆ ಪ್ರವಾದಿ ಎಲೀಷ ನೋಡಿಕೊಂಡ, ನಾಮಾನ ಮುಳುಗೆದ್ದು ವಾಸಿಯಾದ ಯೊರ್ದನ್ ನದಿ ನೋಡಿಕೊಂಡಿತು. ಆದರೆ ಯೋಚನೆ ಮಾಡಿ, ಒಂದು ಆಳು ಹುಡುಗಿಯ ಮಾತನ್ನು ಆ ಮನೆಯವರು ನಂಬಿ ಸೇನಾಪತಿ ಹೊರಟೇಬಿಟ್ಟನಲ್ಲ, ಅಂದರೆ ಅವಳು ಕೆಲಸದಲ್ಲಿ ಎಂಥವಳಾಗಿದ್ದಿರಬೇಕು.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೊಸ ಹುಡುಗಿಯರು ಕೇಳುತ್ತಾರೆ. ಮೆಷಿನ್ ನಡೆಯುತ್ತಿರುವಾಗ ನಾನಾಗಿ ವಿಷಯ ಎತ್ತುವುದಿಲ್ಲ. ಅವರೇ ಕೇಳಿದರೆ ಚಿಕ್ಕದಾಗಿ ಹೇಳುತ್ತೇನೆ, ಇನ್ನೂ ಬೇಕಾದರೆ ಸೂಜಿ ತೆಗೆದು ಅವರು ಕಾಲ ಮೇಲೆ ನಿಂತ ಮೇಲೆ. ನಿಂತವರಿಗೆ ಹೋಗುವ ಸ್ವಾತಂತ್ರ್ಯ ಇದೆ. ಪ್ರಾರ್ಥನೆ ಮಾಡಲಾ ಅಂತ ಕೇಳುವುದೂ ಆಗಲೇ, ಬೇಡ ಅಂದರೆ ಮನೆಯಲ್ಲಿ ಮಾಡುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಜೊತೆಯ ನರ್ಸ್‌ಗಳ ಹತ್ತಿರ ಬಿಡುವಿನ ಹೊತ್ತಿನಲ್ಲಿ ಧಾರಾಳವಾಗಿ ಮಾತಾಡುತ್ತೇನೆ, ಅವರೂ ವಾದ ಮಾಡುತ್ತಾರೆ, ಒಮ್ಮೊಮ್ಮೆ ನಾನೇ ಸೋಲುತ್ತೇನೆ. ಆದರೆ ಯಾರ ಡ್ಯೂಟಿ ಪಟ್ಟಿ ನಾನು ಬರೆಯುತ್ತೇನೋ ಆ ಜೂನಿಯರ್‌ಗಳ ಹತ್ತಿರ ಮತ್ತೆ ಎಚ್ಚರಿಕೆ. ರಜೆ ಬೇಕಾದ ಹುಡುಗಿಗೆ ಬೈಬಲ್ ಬಗ್ಗೆ ದಿಢೀರ್ ಆಸಕ್ತಿ ಬಂದರೆ ನನಗೆ ಅನುಮಾನ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಕರ್ತನು ವಾಸಿ ಮಾಡುತ್ತಾನೆ, ಡಯಾಲಿಸಿಸ್ ಬಿಡು ಅಂತ ರೋಗಿಗೆ ಹೇಳುವವರು ಇದ್ದಾರೆ. ದಯವಿಟ್ಟು ಬೇಡ. ಅದು ಸುವಾರ್ತೆ ಅಲ್ಲ, ಕೆಲವೇ ದಿನ ಅಥವಾ ವಾರಗಳಲ್ಲಿ ಪ್ರಾಣ ಹೋಗುವ ವಿಷಯ. ಪೌಲ ಮೂರು ಸಲ ಬೇಡಿಕೊಂಡರೂ ಶರೀರದಲ್ಲಿ ನಾಟಿದ ಮುಳ್ಳು ಅಂತ ಅವನೇ ಕರೆದ ಬಾಧೆ ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲದ ತನ್ನ ಜೊತೆಗಾರ ತಿಮೊಥೆಯನಿಗೆ ಅವನು ಕೊಟ್ಟ ಸಲಹೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ. ಪೌಲನ ಜೊತೆ ತಿರುಗಿದ ಲೂಕ ವೈದ್ಯ.

ಮೇಷ್ಟ್ರ ಕಥೆಗೆ ಬರುತ್ತೇನೆ. ಕೆಲವು ತಿಂಗಳಾದ ಮೇಲೆ ಅವರೇ ಓದಲು ಏನಾದರೂ ಕೊಡು ಅಂದರು. ಬೈಬಲಿನ ಲೂಕನ ಸುವಾರ್ತೆ ಪುಸ್ತಕ ಕೊಟ್ಟೆ. ಕೆಂಪು ಪೆನ್ನು ಹಿಡಿದುಕೊಂಡೇ ಓದಿದ್ದಾರೆ, ಅಚ್ಚಿನ ತಪ್ಪುಗಳಿಗೆಲ್ಲ ಗುರುತು ಹಾಕಿ ವಾಪಸ್ ತಂದರು. 15ನೇ ಅಧ್ಯಾಯದ ಕೊನೆಯಲ್ಲಿ, ಮನೆ ಬಿಟ್ಟು ಹೋದ ಮಗನ ಕಥೆ ಮುಗಿಯುವಲ್ಲಿ, ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಕಿರಿಮಗ ವಾಪಸ್ ಬಂದ, ಸರಿ. ಹಿರಿಮಗ ಸಿಟ್ಟು ಮಾಡ್ಕೊಂಡು ಹೊರಗೆ ನಿಂತ, ಅಪ್ಪ ಬಂದು ಕರೆದ. ಆಮೇಲೆ ಅವನು ಒಳಗೆ ಹೋದನೋ ಇಲ್ಲವೋ? ಬರೆದೇ ಇಲ್ಲವಲ್ಲ!"

"ಇಲ್ಲ ಮೇಷ್ಟ್ರೇ, ಬರೆದಿಲ್ಲ."

"ಅರ್ಧ ಕಥೆ ಕೊಟ್ಟಿದ್ದೀಯಲ್ಲಮ್ಮಾ," ಅಂದರು. ಪುಸ್ತಕ ನನ್ನ ಕೈಗೆ ಕೊಡಲು ಚಾಚಿದವರು ಮತ್ತೆ ಚೀಲಕ್ಕೇ ಹಾಕಿಕೊಂಡು, ತೂಕದ ಯಂತ್ರದ ಕಡೆ ನಡೆದರು.