ದೊಡ್ಡಮ್ಮ ಕೇಳಿದ ಪ್ರಶ್ನೆ ಮತ್ತು ಡ್ರ್ಯಾಗನ್ ಏಜ್ 2

"ಬೇಗ ಹೋಗಿದ್ರೆ ಆ ತಾಯಿ ಉಳೀತಿದ್ಲಾ ಮಗಾ?"

"ಇಲ್ಲ ದೊಡ್ಡಮ್ಮ, ಎಷ್ಟ್ ಬೇಗ ಹೋದ್ರೂ ಸಾಯ್ತಾಳೆ, ಗೇಮೇ ಹಂಗಿರೋದು."

"ಮತ್ತೆ ಅಷ್ಟ್ ಓಡಿದ್ದು ಯಾಕೆ?"

ಮೊನ್ನೆ ರಾತ್ರಿಯಿಂದ ಇದೇ ತಲೇಲಿ ಓಡ್ತಿದೆ. ದೊಡ್ಡಮ್ಮ ಮಂಡಿನೋವು ತೋರಿಸ್ಕೊಳ್ಳೋಕೆ ಬಂದು ನಮ್ಮನೇಲೇ ಇದಾರೆ, ಈ ವಾರ ನಾನು ಡ್ರ್ಯಾಗನ್ ಏಜ್ 2 ಅನ್ನೋ ವಿಡಿಯೋ ಗೇಮ್ ಮತ್ತೆ ಶುರು ಮಾಡಿದ್ದೆ, ಪಕ್ಕದಲ್ಲಿ ಕೂತು ನೋಡೋಕೆ ಶುರು ಮಾಡಿದ್ರು, ಇಂಗ್ಲಿಷ್ ಬರಲ್ಲ, ಹಾಗಾಗಿ ಪ್ರತಿ ಮಾತಿಗೂ "ಏನಂದ ಅವನು" ಅಂತ ಕೇಳೋದು, ನಾನು ಹೇಳೋದು. ನಿಜ ಹೇಳ್ಬೇಕಂದ್ರೆ ಈ ಗೇಮ್‌ನ ಇಷ್ಟು ಚೆನ್ನಾಗಿ ನೋಡ್ದೋರು ನಮ್ ಗೆಳೆಯರಲ್ಲಿ ಒಬ್ರೂ ಇಲ್ಲ.

ಕಥೆ ಗೊತ್ತಿರೋರಿಗೆ ಗೊತ್ತೇ ಇದೆ. ನಾವು ಆಡೋ ಪಾತ್ರ ಹಾಕ್, ಅವನ ಕುಟುಂಬ ಊರು ಬಿಟ್ಟು ಓಡಿ ಕರ್ಕ್‌ವಾಲ್ ಅನ್ನೋ ನಗರಕ್ಕೆ ಬರುತ್ತೆ, ದಾರೀಲೇ ಅವನ ತಮ್ಮನೋ ತಂಗಿಯೋ ಒಬ್ರು ಸಾಯ್ತಾರೆ, ಬಂದು ನೋಡಿದ್ರೆ ತಾಯಿಯ ತವರುಮನೆಯನ್ನ ಅವಳ ತಮ್ಮ ಗ್ಯಾಮ್ಲೆನ್ ಸಾಲಕ್ಕೆ ಕಳ್ಕೊಂಡು ಕೂತಿದಾನೆ. ಇಷ್ಟು ಹೇಳೋಷ್ಟ್ರಲ್ಲಿ ದೊಡ್ಡಮ್ಮನ ಮುಖ ಕೆಂಪಾಯ್ತು. "ಸೋದರಮಾವ ಆಗಿ ಇಂಥ ಕೆಲ್ಸನಾ" ಅಂತ. ಆಮೇಲೆ ಗ್ಯಾಮ್ಲೆನ್ ಸ್ಕ್ರೀನ್ ಮೇಲೆ ಬಂದಾಗೆಲ್ಲ ಅವನಿಗೆ ಬೈಗುಳ ಗ್ಯಾರಂಟಿ. ನನಗೂ ಅವನನ್ನ ಕಂಡ್ರೆ ಆಗಲ್ಲ, ಆದ್ರೆ ಅಕ್ಕ ಕಾಣ್ತಿಲ್ಲ ಅಂತ ಅವನು ಹುಡುಕ್ತಾ ಬರೋ ಸೀನ್‌ನಲ್ಲಿ ಮಾತ್ರ ಅವನ ಮೇಲೆ ಕೋಪ ಇಟ್ಕೊಳ್ಳೋಕೆ ಆಗಲ್ಲ.

ಎರಡನೇ ಆಕ್ಟ್‌ನಲ್ಲಿ, ಅಂದ್ರೆ ಕಥೆಯ ಎರಡನೇ ಭಾಗದಲ್ಲಿ, ಅದೇ ತಾಯಿ, ಲಿಯಾಂಡ್ರ, ಕಾಣೆ ಆಗ್ತಾಳೆ. ಮನೇಲಿ ಯಾರೋ ಕಳ್ಸಿದ ಬಿಳಿ ಲಿಲ್ಲಿ ಹೂ. ಆ ಹೂ ನೋಡಿದ ತಕ್ಷಣ ಹೊಟ್ಟೆ ತಣ್ಣಗಾಗುತ್ತೆ, ಯಾಕಂದ್ರೆ ಮೂರು ವರ್ಷದ ಹಿಂದಿನ ಕಥೆಯಲ್ಲಿ, ಮೊದಲನೇ ಆಕ್ಟ್‌ನಲ್ಲಿ, ಕಾಣೆಯಾದ ಹೆಂಗಸರ ಕೇಸ್ ಬಂದಿರುತ್ತೆ, ಆ ಹೆಂಗಸರಿಗೂ ಇದೇ ಹೂ ಬಂದಿರುತ್ತೆ. ಎಮೆರಿಕ್ ಅನ್ನೋ ವಯಸ್ಸಾದ ಟೆಂಪ್ಲರ್, ಅಂದ್ರೆ ಮಾಂತ್ರಿಕರ ಮೇಲೆ ಕಣ್ಣಿಡೋ ಯೋಧ, ಒಬ್ಬನೇ ಅದರ ಹಿಂದೆ ಬಿದ್ದಿರ್ತಾನೆ, ಇದೆಲ್ಲ ಒಬ್ಬನೇ ಕೊಲೆಗಾರನ ಕೆಲಸ ಅಂತ ಬಡ್ಕೊಂಡ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಕೊನೆಗೆ ಅವನೂ ಸಾಯ್ತಾನೆ. ದೊಡ್ಡಮ್ಮ ಅವನನ್ನ ಮರೆತಿರ್ಲಿಲ್ಲ. "ಆ ಮುದುಕಪ್ಪ ಅವತ್ತೇ ಹೇಳಿದ್ನಲ್ಲ" ಅಂದ್ರು. ನಾನು ಕರ್ಕ್‌ವಾಲ್‌ನ ಬಡವರ ಕೇರಿ ಲೋಟೌನ್ ಬೀದೀಲಿ ರಕ್ತದ ಕಲೆ ಹಿಡ್ಕೊಂಡು ಓಡ್ತಾ ಇದ್ದೆ, ಈ ಗೇಮ್ ಮುಂಚೆ ಮುಗಿಸಿದೀನಿ, ಕೊನೇಲಿ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು, ಆದ್ರೂ ಬೇರೆ ಕ್ವೆಸ್ಟ್ ಎಲ್ಲ ಬಿಟ್ಟು ಓಡ್ತಾ ಇದ್ದೆ. ಮತ್ತೆ ಅಷ್ಟ್ ಓಡಿದ್ದು ಯಾಕೆ?

ಈ ಗೇಮ್ ಬೈಯೋರೆಲ್ಲ ಹೇಳೋದು ಇದನ್ನೇ, ನೀನು ಏನೇ ಆಯ್ಕೆ ಮಾಡು, ಆಗೋದು ಆಗೇ ಆಗುತ್ತೆ ಅಂತ. ನನ್ ಗೆಳೆಯ ಒಬ್ಬ ಇದಾನೆ, ಒಳ್ಳೇ ಹುಡುಗ, ಆದ್ರೆ ಒಂದು ಅಭಿಪ್ರಾಯ ಕಚ್ಕೊಂಡ ಅಂದ್ರೆ ಬಿಡಲ್ಲ, ಅವನ ಪ್ರಕಾರ ಇದು ಬಯೋವೇರ್ ಕಂಪನಿ ಮಾಡಿದ ಅತಿ ಕೆಟ್ಟ ಗೇಮು. ಅವನು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ. ಮೊದಲನೇ ಗೇಮ್ ಒರಿಜಿನ್ಸ್ ಬಂದಿದ್ದು 2009ರ ನವೆಂಬರ್, ಇದು ಬಂದಿದ್ದು 2011ರ ಮಾರ್ಚ್, ಹದಿನಾರು ತಿಂಗಳು ಅಷ್ಟೇ ಅಂತರ, ಅಷ್ಟರಲ್ಲಿ ಇಷ್ಟು ದೊಡ್ಡ ಆರ್‌ಪಿಜಿ (ಒಂದು ಪಾತ್ರ ಆಗಿ ಕಥೆ ಆಡೋ ಗೇಮ್) ಮಾಡಿದ ಅವಸರ ಎಲ್ಲಾ ಕಡೆ ಕಾಣುತ್ತೆ. ಒಂದೇ ಗವಿ. ಬೆಟ್ಟದ ಮೇಲೂ ಅದೇ, ಸಮುದ್ರದ ದಡದಲ್ಲೂ ಅದೇ, ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೆದಿರ್ತಾರೆ, ಮ್ಯಾಪ್‌ನಲ್ಲಿ ನೋಡಿದ್ರೆ ಮುಚ್ಚಿರೋ ಜಾಗಾನೂ ಹಂಗೇ ಕಾಣುತ್ತೆ. ಒಂದು ಗುಂಪು ಹೊಡೆದು ಮುಗಿಸಿದ್ರೆ ಇನ್ನೊಂದು ಗುಂಪು ಎಲ್ಲಿಂದ್ಲೋ ಧುಮುಕುತ್ತೆ, ಒರಿಜಿನ್ಸ್‌ನಲ್ಲಿ ಯೋಚನೆ ಮಾಡಿ ನಿಲ್ಲಿಸ್ತಿದ್ದ ಪೊಸಿಷನ್ನಿಗೆ ಇಲ್ಲಿ ಬೆಲೇನೇ ಇಲ್ಲ. ಗವಿ ಬಂದಾಗ ದೊಡ್ಡಮ್ಮಾನೂ "ಇಲ್ಲಿಗೆ ನಿನ್ನೇನೇ ಬಂದಿದ್ವಲ್ಲ" ಅಂತ ಎದ್ದು ಅಡುಗೆಮನೆಗೆ ಹೋಗಿಬಿಡ್ತಿದ್ರು.

ಆದ್ರೆ ತಾಯಿಯ ಸಾವನ್ನ ಆ ಗವಿ ಜೊತೆ ಸೇರಿಸಿ ಬೈಯೋದು ತಪ್ಪು ಅಂತ ನನಗೆ ಈ ವಾರ ಗಟ್ಟಿಯಾಗಿ ಅನ್ಸಿದೆ. ಒರಿಜಿನ್ಸ್‌ನಲ್ಲಿ ನೀವು ಹೋದಲ್ಲೆಲ್ಲ ರಾಜ ಯಾರಾಗ್ಬೇಕು, ಯಾರು ಬದುಕ್ಬೇಕು ಅಂತ ನಿಮ್ಮ ಕೈಲೇ ಇರುತ್ತೆ. ಇಲ್ಲಿ ಹಾಕ್ ಒಬ್ಬ ವಲಸೆ ಬಂದ ಮನುಷ್ಯ, ದುಡ್ಡು ಮಾಡ್ತಾನೆ, ದೊಡ್ಡ ಮನೆ ವಾಪಸ್ ತಗೋತಾನೆ, ಊರೆಲ್ಲ ಹೆಸರು ಮಾಡ್ತಾನೆ, ಮನೆಯೋರನ್ನ ಮಾತ್ರ ಒಬ್ಬೊಬ್ಬರನ್ನೇ ಕಳ್ಕೋತಾನೆ. ಒಂದೇ ಊರಲ್ಲಿ ವರ್ಷಗಟ್ಟಲೆ ನಡೆಯೋ ಕಥೆ ಆಗಿರೋದ್ರಿಂದ್ಲೇ ಇದು ನಾಟುತ್ತೆ. ಸುಳಿವು ಮೂರು ವರ್ಷ ಕಣ್ಮುಂದೆ ಇತ್ತು, ಹೇಳೋನು ಹೇಳ್ದ, ಊರು ಕೇಳ್ಲಿಲ್ಲ. ಇದು ಬರೆದೋರು ಯೋಚಿಸಿ ಇಟ್ಟ ಅಸಹಾಯಕತೆ.

ಜೊತೆಗಾರರನ್ನ ಬರೆದಿರೋದು ಇನ್ನೂ ಚೆಂದ. ಕಾವಲುಪಡೆ ಕ್ಯಾಪ್ಟನ್ ಆಗೋ ಅವೆಲಿನ್, ಯುದ್ಧದಲ್ಲಿ ಗುರಾಣಿ ಹಿಡಿದು ನಿಂತ್ರೆ ಅಲ್ಲಾಡದೋಳು, ಇಷ್ಟಪಟ್ಟ ಹುಡುಗನಿಗೆ ಒಂದು ಮಾತು ಹೇಳೋಕಾಗ್ದೆ ಒದ್ದಾಡೋದು ನೋಡಿ ದೊಡ್ಡಮ್ಮ ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರು. ಮೆರಿಲ್ ಅನ್ನೋ ಇನ್ನೊಬ್ಬ ಜೊತೆಗಾರ್ತಿ ಜೊತೆ ನಾನು ಜಗಳ ಆಡ್ತಾನೇ ಬಂದಿದೀನಿ, ಬೇರೆ ಗೇಮ್ ಆಗಿದ್ರೆ ಅವಳು ಸಿಟ್ಟಾಗಿ ಹೊರಟೋಗೋಳು, ಇಲ್ಲಿ ರೈವಲ್ರಿ ಅಂತ ಬೇರೇನೇ ದಾರಿ ಇದೆ, ಒಪ್ಪದೇನೂ ಜೊತೇಲಿ ಇರಬಹುದು, ಒಪ್ಪದೇನೂ ಪ್ರೀತಿ ಮಾಡಬಹುದು. ಮನೆಗಳಲ್ಲಿ ಇರೋದು ಹಾಗೇ ಅಲ್ವಾ. ನಾನೂ ನಮ್ಮಣ್ಣಾನೂ ಯಾವ ವಿಷ್ಯದಲ್ಲೂ ಒಪ್ಪಿದ್ದಿಲ್ಲ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಎದ್ದು ಬರೋನೂ ಅವನೇ. ಇದನ್ನ ಒಂದು ಗೇಮ್‌ನ ಲೆಕ್ಕದೊಳಗೆ ತಂದಿದಾರಲ್ಲ, ಅದಕ್ಕೆ ನಾನು ಎಷ್ಟು ಗವಿ ಬೇಕಾದ್ರೂ ಸಹಿಸ್ಕೋತೀನಿ.

ಸಹಿಸ್ಕೊಳ್ಳೋಕೆ ಆಗದೇ ಇರೋದು ಒಂದೇ, ಆರ್ಸಿನೋ. ಮೂರನೇ ಆಕ್ಟ್‌ನಲ್ಲಿ ಮಾಂತ್ರಿಕರ ಪರ ನಿಂತು, ಅವರ ಮುಖ್ಯಸ್ಥನಾದ ಅವನನ್ನ ಉಳ್ಸೋಕೆ ಅಂತಾನೇ ಹೋರಾಡಿದ್ರೂ ಅವನು ಹೆಣಗಳನ್ನ ಸೇರಿಸ್ಕೊಂಡು ರಾಕ್ಷಸ ಆಗಿ ನಮ್ಮ ಮೇಲೇ ಬೀಳ್ತಾನೆ. ನಾವು ಗೆಲ್ತಾ ಇದ್ರೂ. ಒಪ್ಪೋ ಅಂಥ ಕಾರಣ ಇಲ್ಲ, ಮಾಂತ್ರಿಕರು, ಟೆಂಪ್ಲರ್‌ಗಳು, ಯಾರ ಪರ ನಿಂತ್ರೂ ಎರಡೂ ಕಡೆಯೋರಿಗೆ ಒಂದೇ ಬಾಸ್ ಫೈಟ್ ಸಿಗಲಿ ಅಂತ ಇಟ್ಟ ಹಾಗಿದೆ. ಲಿಯಾಂಡ್ರ ಸತ್ತಾಗ ನನ್ನ ಓಟಕ್ಕೆ ಅರ್ಥ ಇತ್ತು, ಕೊನೇ ಗಳಿಗೇಲಿ ಮಗನ ತೋಳಲ್ಲಿ ಮಲಗಿ ಅವನ ಬಗ್ಗೆ ಹೆಮ್ಮೆ ಅಂತ ಹೇಳೋಕೆ ಆ ತಾಯಿಗೆ ಒಬ್ಬರು ಸಿಕ್ಕಿದ್ರು. ಆರ್ಸಿನೋ ವಿಷ್ಯದಲ್ಲಿ ಓಡಿದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ಗೇಮ್ ಹತ್ರಾನೂ ಇಲ್ಲ. ಇವೆರಡನ್ನೂ "ಆಯ್ಕೆಗೆ ಬೆಲೆ ಇಲ್ಲ" ಅಂತ ಒಂದೇ ಸಾಲಲ್ಲಿ ಬರೆದು ಮುಗಿಸೋರ ಮೇಲೆ ನನಗೆ ಬೇಜಾರಿರೋದು ಅದಕ್ಕೇ.

ಗೆಳೆಯನಿಗೆ ಫೋನ್ ಮಾಡಿ ಇದೆಲ್ಲ ಹೇಳ್ದೆ. ಅವನು ಮೊದಲನೇ ಆಕ್ಟ್‌ನಲ್ಲೇ ಬಿಟ್ಟಿದ್ನಂತೆ, ಲಿಲ್ಲಿ ಹೂವಿನ ವಿಷ್ಯಾನೇ ಗೊತ್ತಿಲ್ಲ ಅವನಿಗೆ. ಭಾನುವಾರ ಬಾ, ದೊಡ್ಡಮ್ಮಾನೂ ಇರ್ತಾರೆ, ಎರಡನೇ ಆಕ್ಟ್ ಅವರ ಪಕ್ಕ ಕೂತು ಆಡು, ಆಮೇಲೆ ಬೈಯೋದಿದ್ರೆ ಬೈ ಅಂದಿದೀನಿ.