ಐದು ಅಧ್ಯಕ್ಷರು, ಎರಡು ಗೇಜು

ಬಿಷ್ಕೆಕ್, ನವೆಂಬರ್ 9, 2025, ಭಾನುವಾರ

ಕಿರ್ಗಿಸ್ತಾನದ ಈ ರಾಜಧಾನಿಗೆ ಬಂದು ಇವತ್ತಿಗೆ ಆರು ದಿನ. ಬೆಳಗ್ಗೆ ಕಿಟಕಿ ತೆಗೆದರೆ ಕಲ್ಲಿದ್ದಲ ಹೊಗೆ. ಚಳಿ ಶುರುವಾದರೆ ಊರಿಗೆ ಊರೇ ಕಲ್ಲಿದ್ದಲು ಉರಿಸುತ್ತದೆ. ಪಕ್ಕದಲ್ಲೇ ಇರುವ ಹಿಮದ ಬೆಟ್ಟ ಮಧ್ಯಾಹ್ನದ ತನಕ ಕಾಣುವುದಿಲ್ಲ. ನನಗೇನೋ ಆ ವಾಸನೆ ಹಿಡಿಸಿತು. ಚಿಕ್ಕವನಿದ್ದಾಗ ಗುಂತಕಲ್ ರೈಲ್ವೆ ಯಾರ್ಡಿನಲ್ಲಿ ಇದೇ ವಾಸನೆ ಇರುತ್ತಿತ್ತು. ಮಗಳಿಗೆ ಹೇಳಿದೆ. "ಅಪ್ಪಾ, ಅದು ಶ್ವಾಸಕೋಶಕ್ಕೆ ಒಳ್ಳೇದಲ್ಲ" ಅಂದಳು. ನಾಲ್ಕನೇ ವರ್ಷ ಎಂಬಿಬಿಎಸ್ ಓದುವವರ ಹತ್ತಿರ ಹಳೇ ನೆನಪು ತೆಗೆಯಬಾರದು.

ಈ ಊರಿಗೆ ಮಗಳನ್ನು ಕಳಿಸುವಾಗ ಮನೆಯಲ್ಲಿ ಎಲ್ಲರೂ "ಅಷ್ಟು ದೂರಾನಾ" ಅಂದಿದ್ದರು. ಆಮೇಲೆ ನಕ್ಷೆ ನೋಡಿದೆ. ದೆಹಲಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ 1700 ಕಿಲೋಮೀಟರ್ ದಾಟುತ್ತದೆ. ದೆಹಲಿಯಿಂದ ಬಿಷ್ಕೆಕ್‌ಗೆ ಸುಮಾರು 1600. ಬೆಂಗಳೂರಿಗಿಂತ ಇದೇ ಹತ್ತಿರ! ಆದರೆ ನೆಲದ ಮೇಲೆ ಬರಲು ದಾರಿ ಇಲ್ಲ. ನಡುವೆ ಪಾಕಿಸ್ತಾನ, ಅಫ್ಘಾನಿಸ್ತಾನ, ಪಾಮೀರ್ ಬೆಟ್ಟ. ಹಾಗಾಗಿ ನಮ್ಮ ಮಕ್ಕಳು ವಿಮಾನದಲ್ಲಿ ಬರುತ್ತಾರೆ, ನಮ್ಮ ಸರಕು ಬರುವುದು ಕಡಿಮೆ.

ಮೂರು ದಿನದಿಂದ ಇಲ್ಲಿ ಒಂದೇ ಸುದ್ದಿ. ಮೊನ್ನೆ ಗುರುವಾರ ಮಧ್ಯ ಏಷ್ಯಾದ ಐದೂ ಅಧ್ಯಕ್ಷರು ವಾಷಿಂಗ್ಟನ್‌ಗೆ ಹೋಗಿ ಟ್ರಂಪ್ ಅವರ ಜೊತೆ ಊಟ ಮಾಡಿ ಬಂದರು. ಕಜಕಿಸ್ತಾನ್, ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್, ತಜಿಕಿಸ್ತಾನ್, ತುರ್ಕ್‌ಮೆನಿಸ್ತಾನ್. ಇದೇ ಐದು ಜನ ಏಪ್ರಿಲ್‌ನಲ್ಲಿ ಸಮರ್ಕಂದ್‌ನಲ್ಲಿ ಯುರೋಪ್ ಒಕ್ಕೂಟದವರ ಜೊತೆ ಕೂತಿದ್ದರು. ಜೂನ್‌ನಲ್ಲಿ ಅಸ್ತಾನಾದಲ್ಲಿ ಷಿ ಜಿನ್‌ಪಿಂಗ್ ಜೊತೆ. ಅಕ್ಟೋಬರ್ 9ಕ್ಕೆ ದುಶಾಂಬೆಯಲ್ಲಿ ಪುಟಿನ್ ಜೊತೆ. ಒಂದೇ ವರ್ಷದಲ್ಲಿ ಒಂದೇ ಮನೆಗೆ ನಾಲ್ಕು ಕಡೆ ಗಂಡಿನವರು ಬಂದ ಹಾಗೆ. ಮನೆಯವರು ಎಲ್ಲರಿಗೂ ಉಪ್ಪಿಟ್ಟು ಕೇಸರಿಭಾತ್ ಕೊಟ್ಟಿದ್ದಾರೆ, ಯಾರಿಗೂ ಇಲ್ಲ ಅಂದಿಲ್ಲ, ಯಾರಿಗೂ ತಾಂಬೂಲ ಕೊಟ್ಟಿಲ್ಲ. ನಮ್ಮದೂ ಒಂದು ಶೃಂಗಸಭೆ ಆಗಿತ್ತು, 2022ರ ಜನವರಿಯಲ್ಲಿ. ಅದು ಪರದೆ ಮೇಲೆ.

ಏನಿದೆ ಇವರ ಹತ್ತಿರ ಅಂತ ಕೇಳಬಹುದು. ಜಗತ್ತಿನ ಯುರೇನಿಯಂನಲ್ಲಿ ಸುಮಾರು ಶೇ. 40 ಕಜಕಿಸ್ತಾನ್ ಒಂದರಿಂದಲೇ ಬರುತ್ತದೆ. ತುರ್ಕ್‌ಮೆನಿಸ್ತಾನದಲ್ಲಿ ಗ್ಯಾಸ್. ಈಗ ಟಂಗ್‌ಸ್ಟನ್ ಅನ್ನುವ ಲೋಹದ ಮೇಲೂ ಕಣ್ಣು. ಸಮುದ್ರ ಮಾತ್ರ ಯಾರಿಗೂ ಇಲ್ಲ. ಉಜ್ಬೇಕಿಸ್ತಾನಕ್ಕಂತೂ ಎರಡು ದೇಶ ದಾಟಿದರೇ ಕಡಲು. ಮಾಲು ಮನೆಯಲ್ಲಿದೆ, ಬಾಗಿಲು ನೆರೆಯವರ ಕೈಯಲ್ಲಿದೆ. ಕಜಕಿಸ್ತಾನದ ತೈಲ ಬಹುಪಾಲು ಇವತ್ತಿಗೂ ರಷ್ಯಾದ ನೊವೊರೊಸಿಸ್ಕ್ ಬಂದರಿನ ಮೂಲಕವೇ ಹೊರಗೆ ಹೋಗಬೇಕು. ತುರ್ಕ್‌ಮೆನ್ ಗ್ಯಾಸಿಗೂ ಹೆಚ್ಚುಕಡಿಮೆ ಇದೇ ಪಾಡಿತ್ತು. 2009ರ ಡಿಸೆಂಬರ್‌ನಲ್ಲಿ ಚೀನಾಕ್ಕೆ ಪೈಪ್‌ಲೈನ್ ಶುರುವಾಯಿತು. ಗಿರಾಕಿ ಬದಲಾದ. ಈಗ ಚೀನಾದ ಮೇಲೆ ಜಾಸ್ತಿ ನಿಂತುಬಿಟ್ಟಿದ್ದಾರೆ.

ಬೆಳಗ್ಗೆ ಟ್ಯಾಕ್ಸಿ ಹಿಡಿದೆವು. ಡ್ರೈವರ್ ಅರವತ್ತರ ಹತ್ತಿರದವನು. ಮಗಳ ರಷ್ಯನ್ ಈಗ ಚೆನ್ನಾಗಿದೆ. ಅವಳು ಕೇಳಿ ಕೇಳಿ ನನಗೆ ಹೇಳುತ್ತಿದ್ದಳು. ಈ ಮನುಷ್ಯ ಹಿಂದೆ ಮನಾಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕದವರ ಅಡುಗೆಮನೆಗೆ ಸಾಮಾನು ಇಳಿಸುವ ಕೆಲಸ ಮಾಡುತ್ತಿದ್ದನಂತೆ. ಹೌದು, ನಾನು ಮೊನ್ನೆ ಇಳಿದ ಅದೇ ನಿಲ್ದಾಣ.

ಆ ಕತೆ ಸ್ವಲ್ಪ ಬಿಡಿಸಿ ಬರೆಯಬೇಕು. 2001ರ ಡಿಸೆಂಬರ್‌ನಲ್ಲಿ, ಅಫ್ಘಾನ್ ಯುದ್ಧಕ್ಕೆ ಅಂತ ಅಮೆರಿಕ ಮನಾಸ್‌ನಲ್ಲಿ ವಾಯುನೆಲೆ ತೆರೆಯಿತು. ರಷ್ಯಾ ಸುಮ್ನೆ ಕೂರುತ್ತದಾ? 2003ರ ಅಕ್ಟೋಬರ್‌ನಲ್ಲಿ ಊರಿನ ಇನ್ನೊಂದು ಬದಿಯ ಕಾಂತ್‌ನಲ್ಲಿ ತನ್ನ ವಾಯುನೆಲೆ ತೆರೆಯಿತು. ಪುಟಿನ್ ಅವರೇ ಬಂದಿದ್ದರು. ಎರಡರ ನಡುವೆ ಸುಮಾರು 40 ಕಿಲೋಮೀಟರ್. ಒಂದು ಸಣ್ಣ ದೇಶದಲ್ಲಿ, ಒಂದೇ ಊರಿನ ಅಕ್ಕಪಕ್ಕ, ಅಮೆರಿಕದ ವಿಮಾನವೂ ಏರುತ್ತಿತ್ತು, ರಷ್ಯಾದ್ದೂ ಏರುತ್ತಿತ್ತು.

2009ರ ಫೆಬ್ರುವರಿಯಲ್ಲಿ ಆಗಿನ ಅಧ್ಯಕ್ಷ ಬಾಕಿಯೆವ್ ಮಾಸ್ಕೋಗೆ ಹೋದರು. ರಷ್ಯಾ 200 ಕೋಟಿ ಡಾಲರ್ ಸಾಲ ಕೊಡುತ್ತೇನೆ ಅಂದಿತು. ಅಲ್ಲೇ ನಿಂತು ಬಾಕಿಯೆವ್ ಅಮೆರಿಕದ ನೆಲೆ ಮುಚ್ಚಿಸುತ್ತೇನೆ ಎಂದು ಘೋಷಿಸಿದರು. ಜೂನ್‌ನಲ್ಲಿ ಏನಾಯಿತು ಗೊತ್ತಾ? ಅಮೆರಿಕ ವರ್ಷದ ಬಾಡಿಗೆಯನ್ನು 1.74 ಕೋಟಿ ಡಾಲರ್‌ನಿಂದ 6 ಕೋಟಿಗೆ ಏರಿಸಿತು. ನೆಲೆ ಅಂತ ಕರೆಯುವುದು ಬಿಟ್ಟು "ಸಾಗಣೆ ಕೇಂದ್ರ" ಅಂತ ಬೋರ್ಡ್ ಬದಲಾಯಿಸಿದರು. ವಿಮಾನ ಅವೇ, ಜಾಗ ಅದೇ. ಮಾಸ್ಕೋದ ದುಡ್ಡಿನಲ್ಲಿ ಒಂದಷ್ಟು ಅಷ್ಟರಲ್ಲಿ ಕೈಗೆ ಬಂದಿತ್ತು.

ನಾನು ನಕ್ಕೆ. ಡ್ರೈವರ್ ನಗಲಿಲ್ಲ. 2010ರ ಏಪ್ರಿಲ್ 1ಕ್ಕೆ ರಷ್ಯಾ ಇಲ್ಲಿಗೆ ಬರುವ ಪೆಟ್ರೋಲ್ ಡೀಸೆಲ್ ಮೇಲೆ ರಫ್ತು ಸುಂಕ ಹಾಕಿತು. ಅದಕ್ಕೂ ಮೊದಲೇ ಕರೆಂಟು, ಬಿಸಿನೀರಿನ ದರ ಏರಿ ಜನ ರೊಚ್ಚಿಗೆದ್ದಿದ್ದರು, ಅಧ್ಯಕ್ಷರ ಮನೆಯವರ ವ್ಯವಹಾರಗಳ ಮೇಲೂ ಸಿಟ್ಟಿತ್ತು. ಏಪ್ರಿಲ್ 7ಕ್ಕೆ ಇದೇ ಊರಿನ ಆಲಾ-ತೂ ಚೌಕದಲ್ಲಿ ಗುಂಡು ಹಾರಿತು. ಎಂಬತ್ತಕ್ಕೂ ಜಾಸ್ತಿ ಜನ ಸತ್ತರು. ಬಾಕಿಯೆವ್ ಬೆಲಾರೂಸ್‌ಗೆ ಹೋದರು. ಇಬ್ಬರು ದೊಡ್ಡವರನ್ನು ಹರಾಜಿಗೆ ನಿಲ್ಲಿಸುವುದು ಜಾಣತನ ಅಂತ ಟಿವಿಯವರು ಹೇಳುತ್ತಾರೆ. ಹರಾಜಿನ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಊರಿನವರು ಕೇಳುವುದಿಲ್ವಾ?

2014ರ ಜೂನ್‌ನಲ್ಲಿ ಅಮೆರಿಕದವರು ಹೊರಟರು. ಕಾಂತ್ ಇವತ್ತಿಗೂ ಇದೆ. ಡ್ರೈವರ್‌ಗೆ ಕೆಲಸ ಹೋಯಿತು. ಮಗ ಈಗ ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕೆ ಇದ್ದಾನೆ. ಕಳೆದ ವರ್ಷದ ಮಾರ್ಚ್‌ನಲ್ಲಿ ಅಲ್ಲಿ ಸಂಗೀತ ಸಭಾಂಗಣದ ಮೇಲೆ ದಾಳಿ ಆದಮೇಲೆ ವಲಸಿಗರಿಗೆ ಕಾಗದಪತ್ರದ ಕಾಟ ಜಾಸ್ತಿಯಾಗಿದೆ. "ರಷ್ಯಾ ಬೇಡ ಅನ್ನುವವರು ನನ್ನ ಮಗನಿಗೆ ಸಂಬಳ ಕೊಡಲಿ" ಅಂದನಂತೆ. ಪ್ರಭಾವ ಅಂದರೆ ಏನು ಅಂತ ಕೇಳಿದರೆ ನಾನು ವಾಯುನೆಲೆಗಿಂತ ಈ ತಿಂಗಳ ಮನಿ ಆರ್ಡರನ್ನೇ ಮೊದಲು ಹೇಳುತ್ತೇನೆ.

ರೈಲ್ವೆ ಸ್ಟೇಷನ್ ನೋಡಬೇಕು ಅಂತ ಹಟ ಹಿಡಿದಿದ್ದು ನಾನೇ. ಮಗಳಿಗೆ ಆಶ್ಚರ್ಯ. ಯಾರೂ ಹೋಗುವುದಿಲ್ವಂತೆ. ನಿಜ, ಭಾನುವಾರ ಪ್ಲಾಟ್‌ಫಾರಂ ಖಾಲಿ. ಹೊರಗೆ ಕುದುರೆ ಮೇಲೆ ಕೂತ, ಸೋವಿಯತ್ ಸೇನಾಪತಿ ಫ್ರುಂಜೆಯ ಪ್ರತಿಮೆ. ಸೋವಿಯತ್ ಕಾಲದಲ್ಲಿ ಊರಿನ ಹೆಸರೇ ಫ್ರುಂಜೆ. ಹೆಸರು 1991ರಲ್ಲಿ ಹೋಯಿತು, ಕುದುರೆ ಉಳಿಯಿತು.

ಇಡೀ ದೇಶದಲ್ಲಿ ರೈಲು ದಾರಿ ಬರೀ ನಾನೂರು ಚಿಲ್ಲರೆ ಕಿಲೋಮೀಟರ್. ಅದೂ ತುಂಡು ತುಂಡು. ಉತ್ತರದ್ದು ಕಜಕಿಸ್ತಾನದಿಂದ ಬಂದ ಕವಲು, ದಕ್ಷಿಣದ್ದು ಉಜ್ಬೇಕಿಸ್ತಾನದಿಂದ ಬಂದ ಕವಲುಗಳು. ಬಿಷ್ಕೆಕ್‌ನಿಂದ ತಮ್ಮದೇ ಎರಡನೇ ದೊಡ್ಡ ಊರು ಓಶ್‌ಗೆ ರೈಲಿನಲ್ಲಿ ಹೋಗಬೇಕೆಂದರೆ ಬೇರೆ ದೇಶ ಸುತ್ತಿ ಹೋಗಬೇಕು. ಹಳಿ ಹಾಕಿದವರಿಗೆ ಕಿರ್ಗಿಸ್ತಾನ್ ಒಂದು ದೇಶ ಅನ್ನುವ ಲೆಕ್ಕವೇ ಇರಲಿಲ್ಲ. ಎಲ್ಲ ಹಳಿಯೂ ಮಾಸ್ಕೋ ಕಡೆಗೆ.

ಬಗ್ಗಿ ಹಳಿ ನೋಡಿದೆ. ಎರಡು ಹಳಿಗಳ ನಡುವಿನ ಅಗಲ, ಅಂದರೆ ಗೇಜು, 1520 ಮಿಲಿಮೀಟರ್. ಇದು ರಷ್ಯನ್ ಗೇಜು. ಚೀನಾದ್ದು 1435. ನಡುವೆ ಎಂಟೂವರೆ ಸೆಂಟಿಮೀಟರ್. ನನ್ನ ಗೇಣಿನ ಅರ್ಧಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಇಪ್ಪತ್ತೈದು ವರ್ಷ ಜಗ್ಗಾಟ. ಚೀನಾ, ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್ ಸೇರಿ ಚೀನಾದ ಕಾಶ್ಗರ್‌ನಿಂದ ರೈಲು ತರುವ ಮಾತು ಶುರುವಾಗಿದ್ದು 90ರ ದಶಕದಲ್ಲಿ. ಗೇಜು ಯಾರದ್ದು, ದುಡ್ಡು ಯಾರದ್ದು ಅನ್ನುವುದೇ ಮುಗಿಯಲಿಲ್ಲ. ರಷ್ಯಾಕ್ಕೂ ಇದು ರುಚಿಸಿರಲಿಲ್ಲ. ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಕೈ ಬಿಗಿಯಾದ ಮೇಲೆ, 2022ರಲ್ಲಿ, ಪುಟಿನ್ ಅವರ ಆಕ್ಷೇಪ ಇಲ್ಲ ಎಂದು ಇಲ್ಲಿನ ಅಧ್ಯಕ್ಷ ಜಪಾರೊವ್ ಹೇಳಿದರು. 2024ರ ಜೂನ್‌ನಲ್ಲಿ ಒಪ್ಪಂದವಾಯಿತು. ಡಿಸೆಂಬರ್ 27ಕ್ಕೆ ಜಲಾಲ್-ಅಬಾದ್‌ನಲ್ಲಿ ಕೆಲಸ ಶುರು. ಚೀನಾದ ಪಾಲು ಶೇ. 51, ಉಳಿದ ಇಬ್ಬರದ್ದು ತಲಾ ಶೇ. 24.5.

ಗೇಜಿನ ಜಗಳ ಹೇಗೆ ಬಗೆಹರಿಯಿತು ಅನ್ನುವುದೇ ನನಗೆ ಇಷ್ಟವಾದ ಭಾಗ. ಕಾಶ್ಗರ್‌ನಿಂದ ಚೀನಾ ಗೇಜು ಬರುತ್ತದೆ, ಕಿರ್ಗಿಸ್ತಾನದ ಒಳಗೆ ಮಕ್ಮಲ್ ಅನ್ನುವ ಬೆಟ್ಟದ ಊರಿನ ತನಕ. ಅಲ್ಲಿಂದ ಮುಂದಕ್ಕೆ ರಷ್ಯನ್ ಗೇಜು. ಮಕ್ಮಲ್‌ನಲ್ಲಿ ಸರಕು ಇಳಿಸಿ ಏರಿಸಬೇಕು. ಓದಿದವರು ಇದನ್ನು ಅರೆಬರೆ ರಾಜಿ ಅನ್ನುತ್ತಾರೆ. ನಾನು ಗುಂತಕಲ್‌ನ ಗೂಡ್ಸ್ ಕ್ಲರ್ಕ್ ಮಗ, ನನಗೆ ಹಾಗನ್ನಿಸಲಿಲ್ಲ. ಮೀಟರ್ ಗೇಜಿನ ವ್ಯಾಗನ್ ಬರುತ್ತಿತ್ತು, ಮೂಟೆ ಇಳಿಸಿ ಬ್ರಾಡ್ ಗೇಜಿನದಕ್ಕೆ ಏರಿಸುತ್ತಿದ್ದರು. ಹೊತ್ತು ದಂಡ, ಮಾಲು ದಂಡ ಅಂತ ವ್ಯಾಪಾರಿಗಳು ಬೈಯುತ್ತಿದ್ದರು. ಆದರೆ ಆ ಎರಡು ಹಳಿಗಳ ನಡುವಿನ ಶೆಡ್ಡಿನಲ್ಲೇ ಎಷ್ಟೋ ಹಮಾಲರ ಮನೆ ನಡೆಯುತ್ತಿತ್ತು, ಟೀ ಅಂಗಡಿ ನಡೆಯುತ್ತಿತ್ತು, ನಮ್ಮ ಅಪ್ಪನ ಸಂಬಳವೂ ಬರುತ್ತಿತ್ತು. ಗೇಜು ಒಂದಾದಾಗ ರೈಲು ನಿಲ್ಲದೆ ಹೋಗತೊಡಗಿತು. ಊರಿಗೆ ಊರೇ ನೋಡುತ್ತಾ ನಿಂತಿತು.

ಎರಡು ದೊಡ್ಡ ಹಳಿಗಳು ಸೇರುವ ಜಾಗವನ್ನು ತನ್ನ ಅಂಗಳದೊಳಗೇ ಇಟ್ಟುಕೊಂಡಿದೆ ಈ ದೇಶ. ಬೇಕಂತ ಮಾಡಿದರೋ, ಹಾಗೇ ಆಯಿತೋ. ಸಾಲದ ಭಾರ ಬೇರೆ ಮಾತು, ಅದು ಸಣ್ಣದಲ್ಲ. ಆದರೂ ಸರಕು ಇಲ್ಲಿ ಒಮ್ಮೆ ನಿಲ್ಲಲೇಬೇಕು ಅಂತಾಯಿತಲ್ಲ.

ಹಿಂದೆ ಇದೇ ಸೀಮೆಯಲ್ಲಿ ಬ್ರಿಟಿಷರು ಮತ್ತು ರಷ್ಯನ್ನರು ನೂರು ವರ್ಷ ಆಡಿದ ಆಟವೂ ನೆನಪಾಯಿತು. 1842ರಲ್ಲಿ ಬುಖಾರಾದ ಅಮೀರ ಇಬ್ಬರು ಬ್ರಿಟಿಷ್ ಅಧಿಕಾರಿಗಳ ತಲೆ ಕಡಿಸಿದ. 1895ರಲ್ಲಿ ಎರಡು ಸಾಮ್ರಾಜ್ಯ ಒಂದಕ್ಕೊಂದು ತಾಗದಿರಲಿ ಅಂತ ವಾಖಾನ್ ಎಂಬ ಕಿರಿದಾದ ಪಟ್ಟಿಯನ್ನು ಅಫ್ಘಾನಿಸ್ತಾನಕ್ಕೆ ಅಂಟಿಸಿದರು. ಅಷ್ಟೂ ಹೆದರಿಕೆ ಯಾವುದಕ್ಕೆ? ರಷ್ಯಾ ಎಲ್ಲಿ ಹಿಂದೂಸ್ತಾನಕ್ಕೆ ಇಳಿದುಬಿಡುತ್ತದೋ ಅಂತ. ಪಣಕ್ಕಿಟ್ಟಿದ್ದು ನಮ್ಮನ್ನು, ನಮ್ಮನ್ನು ಯಾರೂ ಕೇಳಲಿಲ್ಲ, ಈ ಬೆಟ್ಟದವರನ್ನೂ ಕೇಳಲಿಲ್ಲ. ಈಗಿನವರನ್ನು ಕೇಳಬೇಕಾಗಿದೆ. ಊಟಕ್ಕೂ ಕರೆಯಬೇಕಾಗಿದೆ.

ಮಧ್ಯಾಹ್ನ ದೊರ್ದೋಯ್ ಬಜಾರ್. ಹಡಗಿನ ಕಂಟೇನರ್‌ಗಳನ್ನು ಎರಡೆರಡು ಅಂತಸ್ತು ಪೇರಿಸಿ ಕಟ್ಟಿದ ಸಂತೆ. ಕೆಳಗೆ ಅಂಗಡಿ, ಮೇಲೆ ಗೋದಾಮು. ಸಮುದ್ರವೇ ಇಲ್ಲದ ದೇಶದಲ್ಲಿ ಇಷ್ಟೊಂದು ಹಡಗಿನ ಡಬ್ಬಿ! ಚೀನಾದ ಮಾಲು ಇಲ್ಲಿ ಇಳಿದು ಕಜಕಿಸ್ತಾನ, ರಷ್ಯಾ ಕಡೆಗೆ ಹೋಗುತ್ತದೆ. ನಮ್ಮ ದೇಶದ್ದು ಏನಾದರೂ ಇದೆಯಾ ಅಂತ ಒಂದು ಗಂಟೆ ಹುಡುಕಿದೆ. ನನಗೆ ಸಿಗಲಿಲ್ಲ. ಮಗಳಿಗೆ ದಪ್ಪ ಜಾಕೆಟ್ ಕೊಂಡೆವು. ಚೌಕಾಸಿ ಪೂರ್ತಿ ಅವಳದ್ದೇ. ಕಳೆದ ವರ್ಷ ಮೇ ತಿಂಗಳಲ್ಲಿ ಇಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪು ಬಿದ್ದಾಗ ಮೂರು ದಿನ ದೀಪ ಆರಿಸಿ ರೂಮಿನಲ್ಲಿ ಕೂತಿದ್ದ ಹುಡುಗಿ ಇವಳೇನಾ ಅನ್ನಿಸಿತು.

ಓಣಿಗಳು ಬಹಳ ಇಕ್ಕಟ್ಟು. ಹಿಂದಿನಿಂದ ಯಾರೋ ಜೋರಾಗಿ ಕೂಗಿದರು. "ದಾರಿ, ದಾರಿ" ಅಂದ ಹಾಗೆ ಕೇಳಿತು. ಕನ್ನಡದವರು ಯಾರಪ್ಪಾ ಅಂತ ಖುಷಿಯಿಂದ ತಿರುಗುವಷ್ಟರಲ್ಲಿ ಮೂಟೆ ತುಂಬಿದ ಕೈಗಾಡಿ ಹಿಮ್ಮಡಿಗೆ ಬಡಿಯಿತು. ಎಳೆಯುತ್ತಿದ್ದ ಹಮಾಲಿ ಹುಡುಗ ಕೈಯೆತ್ತಿ ಕ್ಷಮೆ ಕೇಳಿ ಹೋದ.

"ಅವನು ಹೇಳಿದ್ದು ದರೋಗು ಅಂತ, ಅಪ್ಪಾ" ಅಂದಳು ಮಗಳು. "ರಷ್ಯನ್."

"ಹಾಗಂದರೆ?"

"ದಾರಿ."

ಹಿಮ್ಮಡಿ ಸ್ವಲ್ಪ ಊದಿದೆ. ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವಳಿಗೆ ನಾಳೆ ಫಾರ್ಮಕಾಲಜಿ ಪರೀಕ್ಷೆ, ಸಾರಿಗೆ ಒಗ್ಗರಣೆ ನಾನೇ ಹಾಕಬೇಕು.