ಥಿಯರಿಯನ್ನೇ ಸೋಲಿಸಿದ ಕರ್ವ್

ಎಂ.ಟೆಕ್ ವೈವಾಕ್ಕೆ ಉಡುಪಿ ಕಡೆಯಿಂದ ಬರಬೇಕಿದ್ದ ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕರು, ಮಂಗಳೂರಿನ ಕೂಳೂರು ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ತಡವಾದವರು ಬೇಗ ಮುಗಿಸುತ್ತಾರೆ ಎಂದು ಗೈಡ್ ಆದ ನಾನು ಒಳಗೊಳಗೇ ಹಿಗ್ಗಿದ್ದೆ.

ಹುಡುಗನ ವಿಷಯ ಓಎಫ್‌ಡಿಎಂ ಚಾನೆಲ್ ಎಸ್ಟಿಮೇಶನ್: ಅನೇಕ ತರಂಗಗಳಲ್ಲಿ ಹಂಚಿ ಕಳಿಸಿದ ಸಿಗ್ನಲ್ಲನ್ನು ದಾರಿ (ಚಾನೆಲ್) ಹೇಗೆ ಬದಲಿಸಿದೆ ಎಂದು ರಿಸೀವರ್ ಅಂದಾಜು ಮಾಡುವುದು. ಸ್ಲೈಡಿನಲ್ಲಿ ಎರಡು ಗೆರೆ: ಸಿಗ್ನಲ್ ಏರಿಳಿಯುವ ರೇಲಿ ಫೇಡಿಂಗ್‌ನಲ್ಲಿ, ಸಿಂಬಲ್‌ಗೆ ಎರಡು ಬಿಟ್ ಕಳಿಸುವ ಕ್ಯುಪಿಎಸ್‌ಕೆಗೆ, ಚಾನೆಲ್ ಪೂರ್ತಿ ಗೊತ್ತಿದೆ ಎಂದುಕೊಂಡು ಸೂತ್ರ ಕೊಡುವ ಬಿಇಆರ್ (ತಪ್ಪುವ ಬಿಟ್‌ಗಳ ಪ್ರಮಾಣ) ಒಂದು, ಇವನ ಸಿಮ್ಯುಲೇಶನ್ ಇನ್ನೊಂದು. ಈಬಿ-ಎನ್‌ನಾಟ್ (ನಾಯ್ಸ್‌ಗೆ ಹೋಲಿಸಿದರೆ ಒಂದು ಬಿಟ್‌ನ ಎನರ್ಜಿ) 20 ಡಿಬಿ ಇದ್ದಾಗ ಸೂತ್ರ ಹೇಳುವುದು ಸುಮಾರು 0.0025. ಇವನದು ಹೆಚ್ಚುಕಡಿಮೆ ಅದರ ಅರ್ಧ.

“ಮೂರು ಡಿಬಿ ಗೇನ್ ಸರ್.”

ಆ ಮೂರು ಡಿಬಿಯ ಮೇಲೆ ನನಗೂ ಮೋಹವಿತ್ತು. ರಿವ್ಯೂನಲ್ಲಿ ಅದನ್ನು ಕಂಡವನೇ ಕಾನ್ಫರೆನ್ಸ್‌ಗೆ ಕಳಿಸೋಣ ಎಂದಿದ್ದೆ.

“ಚಾನೆಲ್ ಪೂರ್ತಿ ಗೊತ್ತಿರುವವನಿಗಿಂತ ಅಂದಾಜು ಮಾಡುವವನಿಗೇ ಚೆನ್ನಾಗಿ ಕೇಳಿಸುತ್ತದೆಯೇ?” ಎಂದರು ಎಕ್ಸ್‌ಟರ್ನಲ್.

ಹುಡುಗ ನನ್ನ ಮುಖ ನೋಡಿದ. ನಾನು ಥೀಸಿಸ್‌ನ ಪುಟ ತಿರುಗಿಸತೊಡಗಿದೆ. ಕೋಡ್ ತೆರೆಯಿರಿ ಎಂದರು. ಲೈಸೆನ್ಸ್ ಸರ್ವರ್ ಎಂದಿನಂತೆ ಮುನಿಸಿಕೊಂಡಿತ್ತು. ಮ್ಯಾಟ್‌ಲ್ಯಾಬ್ ತೆರೆದುಕೊಳ್ಳುವವರೆಗೆ ಯಾರೂ ಮಾತಾಡಲಿಲ್ಲ.

ಸಿಂಬಲ್‌ಗಳೆಲ್ಲ ±1±ಜೆ. ಎನರ್ಜಿ 1 ಆಗಲು ರೂಟ್ 2ರಿಂದ ಭಾಗಿಸಬೇಕಿತ್ತು, ಭಾಗಿಸಿಯೇ ಇರಲಿಲ್ಲ. ಸಿಂಬಲ್ ಎನರ್ಜಿ 2, ನಾಯ್ಸ್ ಲೆಕ್ಕ ಹಾಕಿದ್ದು 1ಕ್ಕೆ. ಪವರ್ ದುಪ್ಪಟ್ಟಾದರೆ ಮೂರು ಡಿಬಿ. ಇಡೀ ಗೇನ್ ಬಂದದ್ದು ಅಲ್ಲಿಂದ! ಭಾಗಿಸಿ ಓಡಿಸಿದಾಗ ಗೆರೆ ಸೂತ್ರಕ್ಕಿಂತ ತುಸು ಮೇಲೆ ಹೋಗಿ ಕೂತಿತು. ಎಲ್‌ಎಸ್ ಎಂಬ ಸರಳ ಅಂದಾಜಿನ ವಿಧಾನಕ್ಕಿಂತ ಚೆನ್ನಾಗಿಯೇ ಇತ್ತು. ಪಾಸಾಗಲು ಅಷ್ಟು ಸಾಕಾಯಿತು. ಹಂಪನಕಟ್ಟೆಯಲ್ಲಿ ಚಿನ್ನದ ಅಕ್ಷರ ಒತ್ತಿಸಿ ತಂದಿದ್ದ ಪ್ರತಿಗಳನ್ನು ಮಾತ್ರ ಬಿಚ್ಚಿಸಬೇಕಾಯಿತು.

ಎಲ್ಲ ರಿವ್ಯೂಗಳನ್ನೂ ದಾಟಿ ಬಂದ ಥೀಸಿಸ್ ಅದು. ಸಮಿತಿ ಬೇರೆ ಬರಹಗಳೊಂದಿಗಿನ ಸಿಮಿಲಾರಿಟಿ ಶೇಕಡಾವಾರು ನೋಡಿತ್ತು, ಎಡಬದಿಯ ಮಾರ್ಜಿನ್ ಅಳೆದಿತ್ತು, ಗ್ರಾಫ್‌ನ ಕೆಳಗೆ ಕ್ಯಾಪ್ಶನ್ ಇದೆಯೇ ಎಂದು ಪರೀಕ್ಷಿಸಿತ್ತು. ಗ್ರಾಫ್ ಒಂದನ್ನು ಬಿಟ್ಟು.

ಈಗ ಮೊದಲ ರಿವ್ಯೂಗೆ ಬರಿಯ ಎಡಬ್ಲ್ಯುಜಿಎನ್‌ನಲ್ಲಿ, ಅಂದರೆ ಫೇಡಿಂಗ್ ಇಲ್ಲದೆ ನಾಯ್ಸ್ ಮಾತ್ರ ಇರುವ ಚಾನೆಲ್‌ನಲ್ಲಿ, ಕ್ಯುಪಿಎಸ್‌ಕೆ ಕೇಳುತ್ತೇನೆ. 9.6 ಡಿಬಿಯಲ್ಲಿ ಲಕ್ಷಕ್ಕೊಂದು ಬಿಟ್ ತಪ್ಪಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನೂರು ತಪ್ಪಾದರೂ ಎಣಿಕೆಗೆ ಸಿಗಬೇಕಾದರೆ ಒಂದು ಕೋಟಿ ಬಿಟ್ ಓಡಿಸಬೇಕು. ಹತ್ತು ಸಾವಿರ ಓಡಿಸಿ “ತಪ್ಪೇ ಇಲ್ಲ ಸರ್” ಎನ್ನುವವರನ್ನು ಬಂದ ದಾರಿಯಲ್ಲೇ ಕಳಿಸುತ್ತೇನೆ. ರಿವ್ಯೂ ಫಾರ್ಮಿನಲ್ಲಿ ಇದಕ್ಕೊಂದು ಕಾಲಂ ಸೇರಿಸಿ ಎಂದು ಬರೆದುಕೊಟ್ಟೆ. ನಮೂನೆ ಬದಲಿಸುವ ಅಧಿಕಾರ ವಿಭಾಗಕ್ಕಿಲ್ಲ ಎಂಬ ಉತ್ತರ ಬಂದಿದೆ.